ಊದಿದ ಕಾಲಿನ ಕಾರಣಶೋಧನೆಯಲ್ಲಿ ಶ್ರವಣಾತೀತ ಧ್ವನಿ: ಹೊರಕೆರೆದೇವಪುರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಹೆಸರನ್ನು ಹೇಳಿದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಲ್ಲಿಯ ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯ. ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಒಳಗೊಂಡ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟವನ್ನು ತಿರುವಿಹಾಕುವವರು ಆ ಸೀಮೆಯನ್ನು ಕಲ್ಲು, ಕೆರೆ, ಗುಡಿಗಳ ಮೂಲಕವೇ ಅರಿತಿರುತ್ತಾರೆ. ಅಲ್ಲಿ ಬಾಳಿದವರ ಮೈನೋವಿನ ವಿಚಾರವನ್ನು ಶಾಸನಗಳು ಹೇಳುವುದು ಅಪರೂಪ. ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅಂಥದೊಂದು ನೋವನ್ನು: ಒಂದು ಕಾಲು ಇದ್ದಕ್ಕಿದ್ದಂತೆ ಊದಿಕೊಂಡು, ಬಿಸಿಯೇರಿ, ನೆಲಕ್ಕೆ ಊರಲಾರದಷ್ಟು ನೋಯುವುದನ್ನು. ಇದರ ಕಾರಣವನ್ನು ಕಂಡುಹಿಡಿಯುವುದರಲ್ಲಿ ಶ್ರವಣಾತೀತ ಧ್ವನಿಯು, ಎಂದರೆ ಜನರು ‘ಸ್ಕ್ಯಾನಿಂಗ್’ ಎಂದು ಕರೆಯುವ ಪರೀಕ್ಷೆಯು, ಹೇಗೆ ನೆರವಾಗುತ್ತದೆಂಬುದೂ, ಆ ನೆರವು ಹಳ್ಳಿಯ ರೋಗಿಯನ್ನು ತಲಪುವ ದಾರಿಯಲ್ಲಿ ಏನೇನು ಅಡ್ಡ ನಿಂತಿವೆಯೆಂಬುದೂ ಇಲ್ಲಿಯ ವಿಷಯ. ನಾವು ವೈದ್ಯರಲ್ಲ. ಆದರೆ ಒಂದು ಉಪಕರಣವು ಹುಟ್ಟಿ, ಬೆಳೆದು, ಒಂದು ಸಮಾಜದಲ್ಲಿ ನೆಲೆಗೊಂಡ ಬಗೆಯನ್ನು ವಿಚಾರಿಸುವುದು ಚರಿತ್ರಕಾರನ ಕೆಲಸವೇ ಆಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಾಲಿನ ಬಾವು ಒಂದು ರೋಗವಲ್ಲ. ಅನೇಕ ರೋಗಗಳು ತೋರುವ ಒಂದೇ ಮುಖ. ಎರಡು ಕಾಲುಗಳೂ ಒಟ್ಟಿಗೆ, ನೋವಿಲ್ಲದೆ, ನಿಧಾನವಾಗಿ ಊದಿದರೆ ವೈದ್ಯನ ಯೋಚನೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ಕಡೆಗೆ ಹೋಗುತ್ತದೆ. ಒಂದೇ ಕಾಲು, ಅದೂ ನೋವಿನಿಂದ, ಕೆಲವೇ ದಿನಗಳಲ್ಲಿ ಊದಿದಾಗ ಪ್ರಶ್ನೆ ಬೇರೆಯಾಗುತ್ತದೆ. ಅಡಕೆಯ ತೋಟದಲ್ಲಿ ಬರಿಗಾಲಲ್ಲಿ ನಡೆದವನ ಹಿಮ್ಮಡಿಯ ಬಿರುಕಿನಿಂದ ಕೀವುಕಾರಕ ಕ್ರಿಮಿಗಳು ಹೊಕ್ಕು ಚರ್ಮದ ಅಡಿಯ ಪದರವನ್ನೆಲ್ಲ ಕೆಂಪೇರಿಸಿರಬಹುದು. ಭಾರವೆತ್ತಿದವನ ಮೀನಖಂಡದ ಸ್ನಾಯು ಹರಿದು ಒಳಗೇ ನೆತ್ತರು ಮಡುಗಟ್ಟಿರಬಹುದು. ಸಂಧಿವಾತದ ಮುದುಕಿಯ ಮಂಡಿಯ ಹಿಂದಿನ ದ್ರವಕೋಶ ಒಡೆದು ಆ ದ್ರವ ಕೆಳಗಿಳಿದಿರಬಹುದು. ಲಂಡನ್ನಿನ ಶಸ್ತ್ರವೈದ್ಯ ಬೇಕರ್ 1877ರಲ್ಲಿ ವರ್ಣಿಸಿದ ಈ ಕೋಶವು ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ಕತ್ತಲಲ್ಲಿ ಮಂಡಲದ ಹಾವು ಕಚ್ಚಿದ್ದು ಗೊತ್ತಾಗದೆ ಇದ್ದಿರಬಹುದು. ಇವಲ್ಲದೆ, ಕಾಲಿನ ಆಳದಲ್ಲಿರುವ ದೊಡ್ಡ ಸಿರೆಯೊಂದರಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹೊರಗಿನಿಂದ ನೋಡಿದ ಕಣ್ಣಿಗೆ ಇವೆಲ್ಲ ಬಹುಮಟ್ಟಿಗೆ ಒಂದೇ ಬಗೆಯಾಗಿ ಕಾಣುತ್ತವೆ.

ಹಿಂದಿನ ತಲೆಮಾರಿನವರು ಈ ಪಟ್ಟಿಗೆ ಇನ್ನೂ ಎರಡನ್ನು ಸೇರಿಸುತ್ತಿದ್ದರು. ಒಂದು ನಾರುಹುಣ್ಣು. ಮೆಟ್ಟಿಲುಬಾವಿ, ಕಲ್ಯಾಣಿ, ಕೆರೆಗಳಿಗಿಳಿದು ನೀರು ತುಂಬುತ್ತಿದ್ದ ಕಾಲದಲ್ಲಿ ಆ ನೀರಿನ ಸೂಕ್ಷ್ಮಜೀವಿಗಳೊಡನೆ ಹೊಟ್ಟೆಗೆ ಹೋದ ಹುಳು ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆಯೆಬ್ಬಿಸಿ ನೂಲಿನಂತೆ ಹೊರಬರುತ್ತಿತ್ತು. ಈ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಭಾರತದಲ್ಲಿ ಇದರ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಘೋಷಿತವಾಯಿತು. ಊರಿನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಸೀಮೆಯವರು ಈ ಗೆಲುವನ್ನು ಮರೆಯಲಾಗದು. ಇನ್ನೊಂದು ಆನೆಕಾಲು, ಸುಶ್ರುತಸಂಹಿತೆಯು ಶ್ಲೀಪದವೆಂದು ಕರೆದದ್ದು. ಕರ್ನಾಟಕದಲ್ಲಿ ಇದರ ನೆಲೆ ಕಲಬುರಗಿ, ಬೀದರ, ರಾಯಚೂರುಗಳ ಕಡೆಯ ಜಿಲ್ಲೆಗಳೂ ಕರಾವಳಿಯೂ ಆಗಿವೆ. ಚಿತ್ರದುರ್ಗ ಆ ಸಾಲಿಗೆ ಸೇರಿದುದಲ್ಲ. ಆದ ಕಾರಣ ಹೊರಕೆರೆದೇವಪುರದಲ್ಲಿ ಊದಿದ ಕಾಲನ್ನು ಕಂಡು ‘ಆನೆಕಾಲು’ ಎಂದು ಹೇಳಿ ಸುಮ್ಮನಾಗುವುದಕ್ಕೆ ಆಧಾರ ಸಾಲದು.

ಈ ಕಾರಣಗಳಲ್ಲೆಲ್ಲ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು ಸಿರೆಯ ಹೆಪ್ಪು. ಏಕೆಂದರೆ ಅದು ಕಾಲಿನ ರೋಗವಾಗಿ ಉಳಿಯುವುದಿಲ್ಲ. ಹೆಪ್ಪಿನ ಒಂದು ತುಂಡು ಕಳಚಿಕೊಂಡರೆ ರಕ್ತದೊಡನೆ ಮೇಲಕ್ಕೆ ಸಾಗಿ, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ಧಮನಿಯನ್ನು ಮುಚ್ಚುತ್ತದೆ. ಬೆಳಿಗ್ಗೆ ಕಾಲುನೋವೆಂದು ಮಲಗಿದ್ದವರು ಸಂಜೆಯ ಹೊತ್ತಿಗೆ ಉಸಿರು ಸಿಕ್ಕಿಕೊಂಡು ಸಾಯುವುದು ಹೀಗೆ. ಜರ್ಮನಿಯ ರೂಡಾಲ್ಫ್ ವಿರ್ಕೋ ಈ ಪಯಣವನ್ನು ಶವಪರೀಕ್ಷೆ ಮತ್ತು ಪ್ರಾಣಿಪ್ರಯೋಗಗಳಿಂದ ಸ್ಥಾಪಿಸಿ, 1856ರಲ್ಲಿ ತನ್ನ ಪ್ರಬಂಧಗಳ ಸಂಗ್ರಹದಲ್ಲಿ ಪ್ರಕಟಿಸಿದನು. ರಕ್ತದ ಹರಿವು ಮಂದವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿಕೊಳ್ಳುವುದು: ಈ ಮೂರನ್ನು ಅವನ ಹೆಸರಿನ ತ್ರಯವೆಂದು ಇಂದಿಗೂ ಪಾಠ ಹೇಳುತ್ತಾರೆ.

ಈ ಮೂರೂ ಒಂದೇ ದೇಹದಲ್ಲಿ ಕೂಡಿಬರುವ ಕಾಲವೊಂದಿದೆ, ಅದು ಬಾಣಂತನ. ಹೆರಿಗೆಯಲ್ಲಿ ನೆತ್ತರು ಹೆಚ್ಚಾಗಿ ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವನ್ನು ಪ್ರಕೃತಿಯೇ ಒದಗಿಸಿದೆ. ಬೆಳೆದ ಗರ್ಭ ಕಿಬ್ಬೊಟ್ಟೆಯ ಸಿರೆಗಳನ್ನು ಒತ್ತುತ್ತದೆ. ಹೆರಿಗೆ, ಅದರಲ್ಲಿಯೂ ಶಸ್ತ್ರಕ್ರಿಯೆಯ ಹೆರಿಗೆ, ನಾಳಗಳಿಗೆ ಪೆಟ್ಟುಕೊಡುತ್ತದೆ. ಹೀಗಾಗಿ ಹೆರಿಗೆಯಾದ ಮೇಲಿನ ಆರು ವಾರಗಳು ಸ್ತ್ರೀಯರ ಬಾಳಿನಲ್ಲಿ ಈ ರೋಗದ ಭಯ ಅತ್ಯಧಿಕವಾಗಿರುವ ಕಾಲಗಳಲ್ಲೊಂದು. ಇದರ ಮೇಲೆ ನಮ್ಮ ನಾಡಿನ ಪದ್ಧತಿಗಳು ಬೇರೆ. ಬಾಣಂತಿಯನ್ನು ಬೆಚ್ಚನೆಯ ಕೋಣೆಯಲ್ಲಿ ಮಲಗಿಸಿಯೇ ಇಡುವುದು, ‘ನಂಜಾಗುತ್ತದೆ’ ಎಂದು ಕುಡಿಯುವ ನೀರನ್ನು ಅಳತೆ ಮಾಡಿ ಕೊಡುವುದು ಹಲವು ಮನೆಗಳಲ್ಲಿ ನಡೆದುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬಾಣಂತಿಯರ ಮೆದುಳಿನ ಸಿರೆಗಳು ಹೆಪ್ಪುಗಟ್ಟುವುದನ್ನು ದೀರ್ಘಕಾಲ ಅಭ್ಯಾಸಮಾಡಿದ್ದಾರೆ. ಹೀಗೆ ನೀರು ಕಡಿಮೆಯಾಗುವುದೂ ಅದಕ್ಕೆ ಒಂದು ಕಾರಣವಾಗಿರಬೇಕೆಂಬ ಅನುಮಾನ ವೈದ್ಯರಲ್ಲಿದೆ. ಕಾಲಿನ ಸಿರೆಗೂ ಮೆದುಳಿನ ಸಿರೆಗೂ ಹರಿಯುವ ರಕ್ತ ಒಂದೇ.

ಬಾಣಂತಿಯ ಕಾಲು ಊದಿದರೆ ‘ನಂಜು ಕಾಲಿಗೆ ಇಳಿದಿದೆ’ ಎಂಬ ಮಾತನ್ನು ಹಳ್ಳಿಯ ಹಿರಿಯರಿಂದ ಕೇಳದವರು ವಿರಳ. ಇದನ್ನು ಅಜ್ಞಾನವೆಂದು ನಗುವ ಮೊದಲು ಯೂರೋಪಿನ ಕಡೆ ಕಣ್ಣುಹಾಯಿಸುವುದು ಒಳ್ಳೆಯದು. ಅಲ್ಲಿಯ ವಿದ್ವಾಂಸರಾದ ವೈದ್ಯರೇ ಹದಿನೆಂಟನೆಯ ಶತಮಾನದಲ್ಲಿ, ಬಾಣಂತಿಯ ಎದೆಹಾಲು ದಾರಿತಪ್ಪಿ ಕಾಲಿಗೆ ಇಳಿಯುವುದರಿಂದ ಕಾಲು ಬೆಳ್ಳಗೆ ಊದುತ್ತದೆಂದು ನಂಬಿ, ಅದನ್ನು ‘ಹಾಲುಕಾಲು’ ಎಂದು ಕರೆದಿದ್ದರು. ಲಂಡನ್ನಿನ ಡೇವಿಡ್ ಡೇವಿಸ್ 1823ರಲ್ಲಿ, ಈ ರೋಗದಿಂದ ಸತ್ತ ಸ್ತ್ರೀಯರ ಶವಗಳನ್ನು ಛೇದಿಸಿ ನೋಡಿದಾಗ ಸಿರೆಗಳಲ್ಲಿ ಕಂಡದ್ದು ಹಾಲಲ್ಲ, ಗಟ್ಟಿಯಾದ ನೆತ್ತರು. ಕನ್ನಡದಲ್ಲಿ ‘ಹೆಪ್ಪು’ ಎಂಬ ಮಾತು ಹಾಲಿಗೂ ನೆತ್ತರಿಗೂ ಸಲ್ಲುತ್ತದೆಂಬುದು ಇಲ್ಲಿ ಆಕಸ್ಮಿಕವಾದರೂ ಸ್ವಾರಸ್ಯವಾದ ಸಂಗತಿ. ನಂಜು, ಹಾಲು ಎಂಬ ಎರಡು ಊಹೆಗಳೂ ಒಂದೇ ಕೊರತೆಯಿಂದ ಹುಟ್ಟಿದವು: ಬದುಕಿರುವ ಕಾಲಿನ ಒಳಗೆ ಏನಿದೆಯೆಂದು ನೋಡುವ ಉಪಾಯವಿರಲಿಲ್ಲ. ಡೇವಿಸನಿಗೂ ಸತ್ತವರ ಕಾಲಿನಲ್ಲಿ ಮಾತ್ರ ಉತ್ತರ ದೊರೆಯಿತು.

ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ಕೊರತೆ ಬರಿಯ ಜ್ಞಾನದ ಕೊರತೆಯಾಗಿತ್ತು. ಹೆಪಾರಿನ್ ಎಂಬ ಔಷಧದ ಶೋಧ 1916ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, ಮುಂದಿನ ದಶಕಗಳಲ್ಲಿ ಅದು ಬಳಕೆಗೆ ಬಂದಮೇಲೆ ಸ್ಥಿತಿ ಬದಲಾಯಿತು. 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆಪ್ಪು ಶ್ವಾಸಕೋಶಕ್ಕೆ ಹೋದವರೆಂದು ನಿರ್ಣಯಿಸಲ್ಪಟ್ಟ ರೋಗಿಗಳ ಪೈಕಿ ಔಷಧವಿಲ್ಲದೆ ಇದ್ದ 19 ಮಂದಿಯಲ್ಲಿ 5 ಮಂದಿ ಅದೇ ಕಾರಣದಿಂದ ಸತ್ತರು; ಔಷಧ ಪಡೆದ 16 ಮಂದಿಯಲ್ಲಿ ಹಾಗೆ ಸತ್ತವರು ಒಬ್ಬರೂ ಇಲ್ಲ. ಆದರೆ ರಕ್ತವನ್ನು ತೆಳುವಾಗಿಡುವ ಈ ಔಷಧವನ್ನು, ಸ್ನಾಯು ಹರಿದು ನೆತ್ತರು ಸೋರುತ್ತಿರುವವನಿಗೋ ಹಾವಿನ ವಿಷದಿಂದ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಂಡವನಿಗೋ ಕೊಟ್ಟರೆ ಕೇಡಾಗುತ್ತದೆ. ಒಬ್ಬನಿಗೆ ಪ್ರಾಣದಾಯಕವಾದುದು ಪಕ್ಕದ ಹಾಸಿಗೆಯವನಿಗೆ ಮಾರಕ. ಇಬ್ಬರ ಕಾಲೂ ಹೊರಗೆ ಒಂದೇ ರೀತಿ. ಅಂದಿನಿಂದ ಕಾರಣವನ್ನು ಸರಿಯಾಗಿ ತಿಳಿಯುವುದು ಪ್ರಾಣದ ಪ್ರಶ್ನೆಯಾಯಿತು.

ಕೈ ಮತ್ತು ಕಣ್ಣುಗಳಿಂದ ತಿಳಿಯುವ ಪ್ರಯತ್ನಗಳು ನಡೆಯದೆ ಇರಲಿಲ್ಲ. ಅಮೆರಿಕದ ಜಾನ್ ಹೋಮನ್ಸ್ 1940ರ ದಶಕದಲ್ಲಿ ಹೇಳಿದ ಚಿಹ್ನೆಯೊಂದಿದೆ: ಪಾದವನ್ನು ಮೊಣಕಾಲಿನ ಕಡೆಗೆ ಬಾಗಿಸಿದಾಗ ಮೀನಖಂಡದಲ್ಲಿ ನೋವಾದರೆ ಸಿರೆಯಲ್ಲಿ ಹೆಪ್ಪಿರಬೇಕೆಂಬುದು. ಹೆಪ್ಪಿಲ್ಲದ ಅನೇಕರಲ್ಲಿಯೂ ಈ ನೋವು ಬರುತ್ತದೆ. ಹೆಪ್ಪಿರುವ ಅನೇಕರಲ್ಲಿ ಬರುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಅದು ಇನ್ನೂ ಉಳಿದಿರುವುದು ಅಭ್ಯಾಸಬಲದಿಂದಲೇ ಇರಬೇಕು. ಇನ್ನೊಂದು ದಾರಿ, ಪಾದದ ಸಿರೆಗೆ ಕ್ಷಕಿರಣಗಳಿಗೆ ಕಾಣುವ ದ್ರವವನ್ನು ಚುಚ್ಚಿ ಚಿತ್ರ ತೆಗೆಯುವುದು. ಲಿಸ್ಬನ್ನಿನ ದೋಸ್ ಸಾಂತೋಸ್ 1938ರಲ್ಲಿ ಇದನ್ನು ವಿವರಿಸಿದನು. ಇದು ನಿಖರವಾದುದು, ಆದರೆ ನೋವಿನದು, ವೆಚ್ಚದ್ದು. ಗರ್ಭಿಣಿಗೆ ಕ್ಷಕಿರಣಗಳನ್ನು ಹಾಯಿಸುವುದು ಅಪೇಕ್ಷಣೀಯವೂ ಅಲ್ಲ. ಹಲವು ದಶಕಗಳ ಕಾಲ ಇದೇ ಕೊನೆಯ ಪ್ರಮಾಣವಾಗಿತ್ತು; ದೊಡ್ಡ ನಗರದ ದೊಡ್ಡ ಆಸ್ಪತ್ರೆಯ ಹೊರಗೆ ಇದನ್ನು ಮಾಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಈ ಬಿಕ್ಕಟ್ಟನ್ನು ಬಿಡಿಸಿದ ಶ್ರವಣಾತೀತ ಧ್ವನಿಯು ಬೇರೆಯೇ ಕ್ಷೇತ್ರಗಳಲ್ಲಿ ಬೆಳೆದುಬಂದದ್ದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಅದಕ್ಕೆ ಮೇಲಿನದು ಶ್ರವಣಾತೀತ. ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ, ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ತಿರುಗಿ ವಿದ್ಯುತ್ತನ್ನು ಹಾಯಿಸಿದರೆ ಹರಳು ಕಂಪಿಸುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಲಾಂಜೆವನ್ ಎಂಬ ವಿಜ್ಞಾನಿ ಇದೇ ಹರಳಿನಿಂದ ಕಡಲೊಳಗೆ ಧ್ವನಿಯನ್ನು ಕಳುಹಿಸಿ, ಜಲಾಂತರ್ಗಾಮಿ ನೌಕೆಗಳಿಂದ ಮರಳುವ ಪ್ರತಿಧ್ವನಿಯನ್ನು ಹಿಡಿಯಲು ಯತ್ನಿಸಿದನು. ಈ ಚರಿತ್ರೆಯಲ್ಲಿ ನಮ್ಮ ನಾಡಿನದೂ ಒಂದು ಪುಟವಿದೆ. 1935–36ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರೂ ಅವರ ಶಿಷ್ಯ ನಾಗೇಂದ್ರನಾಥರೂ, ಶ್ರವಣಾತೀತ ಧ್ವನಿಯ ಅಲೆಗಳು ಹಾಯುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಚದರುತ್ತದೆಂಬುದರ ಸಿದ್ಧಾಂತವನ್ನು ನಿರೂಪಿಸಿದರು. ಅದು ರಾಮನ್–ನಾಥ್ ಸಿದ್ಧಾಂತವೆಂದು ಲೋಕಪ್ರಸಿದ್ಧವಾಗಿದೆ. ಅವರ ಆಸಕ್ತಿ ಬೆಳಕಿನಲ್ಲಿತ್ತೇ ಹೊರತು ವೈದ್ಯದಲ್ಲಿರಲಿಲ್ಲ. ವೈದ್ಯದಲ್ಲಿ ಇದರ ಬಳಕೆಗೆ ದಾರಿಮಾಡಿದ್ದು 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನ. ಅವನು ಪ್ರಸೂತಿತಜ್ಞ. ಹೀಗಾಗಿ ಯಂತ್ರಕ್ಕೂ ಗರ್ಭಕ್ಕೂ ಮೊದಲಿನಿಂದಲೇ ನಂಟು ಬೆಳೆಯಿತು. ಈ ನಂಟಿನ ಫಲವನ್ನು ಮುಂದೆ ನೋಡುವೆವು.

ಯಂತ್ರದ ಕ್ರಿಯೆ ತತ್ತ್ವದಲ್ಲಿ ಸರಳ. ಕೈಯಲ್ಲಿ ಹಿಡಿಯುವ ಶೋಧಕದ ತುದಿಯ ಹರಳುಗಳು ಕ್ಷಣಮಾತ್ರ ಕಂಪಿಸಿ ಧ್ವನಿಯನ್ನು ಮೈಯೊಳಗೆ ಕಳುಹಿಸುತ್ತವೆ. ಅನಂತರ ಸುಮ್ಮನಾಗಿ ಪ್ರತಿಧ್ವನಿಗೆ ಕಿವಿಗೊಡುತ್ತವೆ. ಮೃದುವಾದ ಅಂಗಾಂಶಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ನಾಲ್ಕು ಸೆಂಟಿಮೀಟರು ಆಳದ ಸಿರೆಯಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು ಹೊತ್ತು ಸಾಕು. ಆ ಹೊತ್ತನ್ನು ಅಳೆದು ಆಳವನ್ನೂ, ಪ್ರತಿಧ್ವನಿಯ ಬಲವನ್ನು ಅಳೆದು ಹೊಳಪನ್ನೂ ನಿಶ್ಚಯಿಸಿ ಯಂತ್ರವು ಪರದೆಯ ಮೇಲೆ ಚುಕ್ಕೆಗಳನ್ನಿಡುತ್ತದೆ. ಕಾಲಿನ ಪರೀಕ್ಷೆಗೆ ಸಾಮಾನ್ಯವಾಗಿ ಸೆಕೆಂಡಿಗೆ 50 ಲಕ್ಷದಿಂದ 1 ಕೋಟಿಯವರೆಗಿನ ಕಂಪನಗಳನ್ನು ಬಳಸುತ್ತಾರೆ. ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಧ್ವನಿ ಆಳಕ್ಕೆ ಇಳಿಯುವುದಿಲ್ಲ. ದಪ್ಪ ತೊಡೆಯವರಲ್ಲಿ ಸೂಕ್ಷ್ಮತೆಯನ್ನು ಸ್ವಲ್ಪ ಬಿಟ್ಟುಕೊಟ್ಟು ಆಳವನ್ನು ಪಡೆಯಬೇಕಾಗುತ್ತದೆ. ಮೈಗೆ ಲೇಪಿಸುವ ಅಂಟುದ್ರವದ ಪ್ರಯೋಜನವೆಂದರೆ ಶೋಧಕಕ್ಕೂ ಚರ್ಮಕ್ಕೂ ನಡುವಣ ಗಾಳಿಯನ್ನು ಹೊರದೂಡುವುದು. ಗಾಳಿಯ ಪದರವಿದ್ದರೆ ಧ್ವನಿ ಅಲ್ಲಿಂದಲೇ ಹಿಂದಿರುಗುತ್ತದೆ. ಈ ಪರೀಕ್ಷೆಯಲ್ಲಿ ಕ್ಷಕಿರಣವಿಲ್ಲ, ಸೂಜಿಯಿಲ್ಲ.

ಹರಿಯುತ್ತಿರುವ ರಕ್ತ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಹಾಗಾದರೆ ಹೆಪ್ಪು ಬೆಳ್ಳಗೆ ಕಾಣುವುದೇ ಎಂದು ವಾಚಕರು ಕೇಳಬಹುದು. ಹಳೆಯ ಹೆಪ್ಪು ಕಾಣಬಹುದು. ಹೊಸದಾಗಿ ಕಟ್ಟಿದ ಹೆಪ್ಪು ಎಷ್ಟೋ ವೇಳೆ ರಕ್ತದಷ್ಟೇ ಕಪ್ಪು. ಬರಿಯ ನೋಟದಿಂದ ಅದನ್ನು ಗುರುತಿಸುವುದು ಕಷ್ಟ. ಇಲ್ಲಿಯೇ ಈ ಪರೀಕ್ಷೆಯ ಜಾಣ್ಮೆಯಿರುವುದು: ವೈದ್ಯನು ಹೆಪ್ಪನ್ನು ನೋಡುವ ಬದಲು ಸಿರೆಯನ್ನು ಒತ್ತುತ್ತಾನೆ. ತೊಡೆಯ ಸಂದಿನಲ್ಲಿ ಶೋಧಕವನ್ನು ಅಡ್ಡಲಾಗಿ ಇಟ್ಟಾಗ ಪರದೆಯ ಮೇಲೆ ಎರಡು ಕಪ್ಪು ಬಳೆಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಒಂದು ಧಮನಿ, ಇನ್ನೊಂದು ಸಿರೆ. ಧಮನಿಯ ಗೋಡೆ ದಪ್ಪ, ಒಳಗಿನ ಒತ್ತಡ ಹೆಚ್ಚು. ಸಿರೆಯ ಗೋಡೆ ತೆಳು, ಒತ್ತಡ ಅಲ್ಪ. ಶೋಧಕವನ್ನು ಮೆಲ್ಲನೆ ಅದುಮಿದೊಡನೆ ಆರೋಗ್ಯವಂತ ಸಿರೆ ಪೂರ್ತಿಯಾಗಿ ಚಪ್ಪಟೆಯಾಗಿ ಪರದೆಯಿಂದ ಮಾಯವಾಗುತ್ತದೆ, ಧಮನಿ ಉಳಿಯುತ್ತದೆ. ಧಮನಿಯೇ ತುಸು ಸೊಟ್ಟಗಾಗುವಷ್ಟು ಅದುಮಿದರೂ ಸಿರೆ ಮುಚ್ಚದಿದ್ದರೆ ಒಳಗೆ ಏನೋ ಇದೆ, ಅದೇ ಹೆಪ್ಪು. ಮಂಡಿಯ ಹಿಂದಿನ ಗುಳಿಯಲ್ಲಿಯೂ ಇದನ್ನೇ ಮಾಡುತ್ತಾರೆ. ಸಂದು ಮತ್ತು ಮಂಡಿ ಎಂಬ ಎರಡು ನೆಲೆಗಳ ಪರೀಕ್ಷೆಗೆ ಪಳಗಿದ ಕೈಗೆ ಕೆಲವೇ ನಿಮಿಷಗಳು ಸಾಕು. ಕಾಲಿನ ಸಿರೆಯನ್ನೆಲ್ಲ ಅಂಗುಲ ಅಂಗುಲವಾಗಿ ಒತ್ತಿ ನೋಡುವುದಕ್ಕೆ ಇನ್ನಷ್ಟು ಹೊತ್ತು ಬೇಕು.

ಶಾಸನದ ಅಚ್ಚು ತೆಗೆಯುವ ಕೆಲಸವನ್ನು ಮಾಡಿದವರಿಗೆ ಇದು ಅಪರಿಚಿತವೆನಿಸಲಾರದು. ಸವೆದ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಅಕ್ಷರ, ಒದ್ದೆ ಕಾಗದವನ್ನು ಹೊದಿಸಿ ಕುಂಚದಿಂದ ಬಡಿದು ಒತ್ತಿದಾಗ ಮೂಡುತ್ತದೆ. ಅಲ್ಲಿಯೂ ಕೈಯ ಹದ ಬೇಕು. ಹೆಚ್ಚು ಒತ್ತಿದರೆ ಕಾಗದ ಹರಿಯುತ್ತದೆ. ಕಡಿಮೆಯಾದರೆ ಅಕ್ಷರ ಏಳುವುದಿಲ್ಲ.

ಒತ್ತಿ ನೋಡುವ ಈ ಉಪಾಯವನ್ನು ಅಮೆರಿಕದ ಟಾಲ್ಬಟ್ 1982ರಲ್ಲಿ ಪ್ರಕಟಿಸಿದನು. ಅದರ ಬೆಲೆ ನಿಸ್ಸಂದೇಹವಾಗಿ ಸ್ಥಾಪಿತವಾದದ್ದು 1989ರಲ್ಲಿ, ಡಚ್ ವೈದ್ಯ ಲೆನ್ಸಿಂಗ್ ಮತ್ತು ಸಹೋದ್ಯೋಗಿಗಳು 220 ರೋಗಿಗಳಲ್ಲಿ ಇದನ್ನೂ ಕ್ಷಕಿರಣದ ಚಿತ್ರವನ್ನೂ ಹೋಲಿಸಿ ನೋಡಿದಾಗ. ಮಂಡಿಯಿಂದ ಮೇಲಿನ ದೊಡ್ಡ ಸಿರೆಗಳಲ್ಲಿ ಹೆಪ್ಪಿದ್ದವರೆಲ್ಲರನ್ನೂ ಒತ್ತುವ ಪರೀಕ್ಷೆ ಗುರುತಿಸಿತು. ಮೀನಖಂಡದಲ್ಲಿ ಮಾತ್ರ ಹೆಪ್ಪಿದ್ದವರಲ್ಲಿ ಹೆಚ್ಚಿನವರನ್ನು ಅದು ಗುರುತಿಸಲಿಲ್ಲ. ಈ ಎರಡನೆಯ ಮಾತನ್ನು ಮರೆಯಬಾರದು. ಮೀನಖಂಡದ ಸಣ್ಣ ಹೆಪ್ಪು ಹಲವರಲ್ಲಿ ತಾನಾಗಿ ಕರಗುತ್ತದೆ. ಕೆಲವರಲ್ಲಿ ಮುಂದಿನ ದಿನಗಳಲ್ಲಿ ಮೇಲಕ್ಕೆ ಬೆಳೆಯುತ್ತದೆ. ಆದುದರಿಂದ ಎರಡೇ ನೆಲೆಗಳನ್ನು ಪರೀಕ್ಷಿಸಿ ಏನೂ ಕಾಣದಿದ್ದಾಗ, ಅನುಮಾನ ಉಳಿದಿದ್ದರೆ ಒಂದು ವಾರದೊಳಗೆ ಪರೀಕ್ಷೆಯನ್ನು ಮತ್ತೆ ಮಾಡಬೇಕೆಂಬುದು ನಿಯಮ.

ಹೆಪ್ಪಿಲ್ಲವೆಂದು ತಿಳಿಯುವುದೂ ಒಂದು ಫಲವೇ. ಅದೇ ಶೋಧಕದಿಂದ ಮಂಡಿಯ ಹಿಂದಿನ ದ್ರವಕೋಶವೂ, ಸ್ನಾಯುವಿನೊಳಗೆ ಮಡುಗಟ್ಟಿದ ನೆತ್ತರೂ, ಚರ್ಮದಡಿಯಲ್ಲಿ ಕೂಡಿದ ಕೀವೂ ಗೋಚರಿಸುತ್ತವೆ. ಕೀವು ಒಂದೆಡೆ ಕೂಡಿದೆಯೋ ಅಥವಾ ಪದರವೆಲ್ಲ ಬರಿದೆ ಊದಿದೆಯೋ ಎಂಬುದು ಬೆರಳಿಗೆ ತಿಳಿಯುವುದು ಕಷ್ಟ. ಮೊದಲನೆಯದಕ್ಕೆ ಕತ್ತಿ ಬೇಕು, ಎರಡನೆಯದಕ್ಕೆ ಔಷಧವೇ ಸಾಕು.

ಒತ್ತಲು ಬಾರದ ಎಡೆಯೊಂದಿದೆ. ಕಿಬ್ಬೊಟ್ಟೆಯ ಆಳದ ಸಿರೆಗಳನ್ನು ಹೊರಗಿನಿಂದ ಅದುಮಲಾಗದು. ಬಾಣಂತಿಯರಲ್ಲಿ ಹೆಪ್ಪು ಅಲ್ಲಿಯೇ ಆರಂಭವಾಗುವುದುಂಟು. ಅದೂ ಬಹುಮಟ್ಟಿಗೆ ಎಡಗಾಲಿನ ಕಡೆ. ಬಲಗಡೆಗೆ ಹೋಗುವ ಧಮನಿ ಎಡಗಡೆಯಿಂದ ಬರುವ ಸಿರೆಯ ಮೇಲೆ ಹಾದು ಅದನ್ನು ಬೆನ್ನುಮೂಳೆಗೆ ಒತ್ತುವುದೇ ಇದಕ್ಕೆ ಕಾರಣ. ಇಲ್ಲಿ ನೆರವಿಗೆ ಬರುವುದು ಡಾಪ್ಲರ್ ತತ್ತ್ವ. ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬಣ್ಣವನ್ನು ಕುರಿತು ಹೇಳಿದ ಸೂತ್ರವನ್ನು, ಜಪಾನಿನ ಸತೊಮುರ 1950ರ ದಶಕದಲ್ಲಿ ಹೃದಯಕ್ಕೂ ರಕ್ತನಾಳಗಳಿಗೂ ಅನ್ವಯಿಸಿದನು. ಚಲಿಸುವ ರಕ್ತಕಣಗಳಿಂದ ಮರಳುವ ಧ್ವನಿಯ ಕಂಪನಸಂಖ್ಯೆ ಬದಲಾಗುತ್ತದೆ. ಅದರಿಂದ ಹರಿವಿನ ದಿಕ್ಕೂ ವೇಗವೂ ತಿಳಿಯುತ್ತವೆ. ಆರೋಗ್ಯವಂತರ ತೊಡೆಯ ಸಿರೆಯಲ್ಲಿ ಹರಿವು ಉಸಿರಾಟದೊಡನೆ ಏರಿಳಿಯುತ್ತದೆ. ಮೇಲೆಲ್ಲೋ ತಡೆಯಿದ್ದರೆ ಈ ಏರಿಳಿತ ಅಡಗಿ, ಹರಿವು ಏಕರೀತಿಯಾಗಿ ಮಂದಗತಿಯಲ್ಲಿ ಸಾಗುತ್ತದೆ. ಕಾಣದ ಕಟ್ಟೆಯನ್ನು ಕಾಲುವೆಯ ನೀರಿನ ನಡೆಯಿಂದ ಊಹಿಸಿದಂತೆ ಇದು.

ಇಷ್ಟು ಸುಲಭವಾದ, ಅಪಾಯವಿಲ್ಲದ ಪರೀಕ್ಷೆ ಹೊರಕೆರೆದೇವಪುರದಂಥ ಊರಿನ ಬಾಣಂತಿಗೆ ಎಷ್ಟರಮಟ್ಟಿಗೆ ಲಭ್ಯ? ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಈ ಯಂತ್ರವೂ ಅದನ್ನು ಬಳಸಬಲ್ಲ ತಜ್ಞರೂ ಸಾಮಾನ್ಯವಾಗಿ ಇರುವುದಿಲ್ಲ. ಹೊಳಲ್ಕೆರೆಯಲ್ಲಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯೂ 1999ರಲ್ಲಿ ಆರಂಭವಾದ ಬಸವೇಶ್ವರ ವೈದ್ಯಕೀಯ ಕಾಲೇಜೂ ಇರುವ ಚಿತ್ರದುರ್ಗಕ್ಕೆ ಹೋಗಬೇಕು. ಅಥವಾ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ನಡೆದುಬಂದಿರುವ ದಾವಣಗೆರೆಗೆ. ಹಸುಗೂಸನ್ನೆತ್ತಿಕೊಂಡು, ಊದಿದ ಕಾಲನ್ನು ಬಸ್ಸಿನಲ್ಲಿ ಜೋಲುಬಿಟ್ಟುಕೊಂಡು ಹೋಗಿಬರುವುದಕ್ಕೆ ಒಂದು ದಿನ ಬೇಕು, ಜೊತೆಗೊಬ್ಬರು ಬೇಕು. ನಂಜೆಂದು ಪಟ್ಟು ಹಾಕಿ ನಾಲ್ಕು ದಿನ ನೋಡೋಣವೆಂಬ ತೀರ್ಮಾನಕ್ಕೆ ಮನೆಯವರು ಬಂದರೆ ಅದು ಬರಿಯ ಮೌಢ್ಯದಿಂದಲೇ ಎನ್ನಲಾಗದು.

ದೂರವಲ್ಲದೆ ಇನ್ನೊಂದು ತಡೆಯೂ ಉಂಟು, ಅದು ಕಾಯಿದೆಯದು. ಶ್ರವಣಾತೀತ ಧ್ವನಿಯ ಯಂತ್ರ ಗರ್ಭದ ಶಿಶು ಹೆಣ್ಣೋ ಗಂಡೋ ಎಂಬುದನ್ನು ತಿಳಿಸಬಲ್ಲದು. ಆ ತಿಳಿವಳಿಕೆಯನ್ನು ನಮ್ಮ ಸಮಾಜ ಬಳಸಿಕೊಂಡ ರೀತಿ ಲಜ್ಜಾಸ್ಪದವಾದುದು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ ದೇಶದಲ್ಲಿ 1991ರಲ್ಲಿ 945 ಇದ್ದುದು 2001ರ ಜನಗಣತಿಯಲ್ಲಿ 927ಕ್ಕೆ ಇಳಿಯಿತು. ಇದನ್ನು ತಡೆಯಲು 1994ರಲ್ಲಿ ಸಂಸತ್ತು ಅಂಗೀಕರಿಸಿದ ಪ್ರಸವಪೂರ್ವ ರೋಗನಿದಾನ ತಂತ್ರಗಳ ಅಧಿನಿಯಮವು 1996ರಲ್ಲಿ ಜಾರಿಗೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಯಂತ್ರವಿರುವ ಸ್ಥಳ ನೋಂದಣಿಯಾಗಬೇಕು. ನೋಂದಣಿಯಿಲ್ಲದವರಿಗೆ ಯಂತ್ರವನ್ನು ಮಾರಕೂಡದು. 2012ರ ತಿದ್ದುಪಡಿಗಳು ಒಬ್ಬ ವೈದ್ಯನು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಈ ಕೆಲಸ ಮಾಡದಂತೆ ಮಿತಿ ಹಾಕಿದವು. ಕೈಯಲ್ಲಿ ಒಯ್ಯಬಹುದಾದ ಯಂತ್ರವನ್ನು ನೋಂದಣಿಯಾದ ಆಸ್ಪತ್ರೆಯ ಒಳರೋಗಿಗಳಿಗೆ ಅಥವಾ ವಿವಿಧ ಸೇವೆಗಳನ್ನು ನೀಡುವ ಸಂಚಾರಿ ವೈದ್ಯಕೀಯ ಘಟಕಗಳಲ್ಲಿ ಮಾತ್ರ ಬಳಸಬಹುದೆಂದು ವಿಧಿಸಿದವು.

ಕಾಯಿದೆಯ ಉದ್ದೇಶವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಇತರ ದೇಶಗಳಲ್ಲಿ ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದ ಯಂತ್ರ ರೋಗಿಯ ಹಾಸಿಗೆಯ ಬಳಿಗೇ ಹೋಗುತ್ತಿರುವಾಗ, ಇಲ್ಲಿ ಗರ್ಭದ ವಿಷಯದಲ್ಲಿ ಮಾಡಿದ ಅಪರಾಧದ ದಂಡವನ್ನು ಕಾಲೂ ತೆರುತ್ತಿದೆ. ಕಾಲಿನ ಸಿರೆಯನ್ನು ನೋಡುವ ಶೋಧಕ ಮೇಲಿನ ಕೆಲವು ಸೆಂಟಿಮೀಟರುಗಳನ್ನಷ್ಟೇ ಚೆನ್ನಾಗಿ ತೋರಿಸುವಂಥದು, ಅದಕ್ಕೆ ಬೇರೆ ನಿಯಮವಿರಲಿ ಎಂದು ಕೆಲವರು ಹೇಳುವುದುಂಟು. ಇದು ಪೂರ್ತಿ ಒಪ್ಪುವ ಮಾತಲ್ಲ. ಒಂದು ಶೋಧಕವನ್ನು ಕಳಚಿ ಇನ್ನೊಂದನ್ನು ಜೋಡಿಸುವುದು ಬಹುಪಾಲು ಯಂತ್ರಗಳಲ್ಲಿ ಗಳಿಗೆಯ ಕೆಲಸ. ನಮಗೆ ಹೆಚ್ಚು ಯುಕ್ತವಾಗಿ ತೋರುವುದು, ಈಗಿನ ನಿಯಮವೇ ಬಿಟ್ಟಿರುವ ಬಾಗಿಲನ್ನು ಬಳಸುವುದು: ಸಂಚಾರಿ ಘಟಕಗಳು ಬಾಣಂತಿಯರ ಆರು ವಾರಗಳನ್ನು ಗಮನದಲ್ಲಿಟ್ಟುಕೊಂಡು ಹಳ್ಳಿಗಳಿಗೆ ಬರುವುದು, ತಾಲ್ಲೂಕು ಆಸ್ಪತ್ರೆಯ ವೈದ್ಯರು ಒತ್ತುವ ಪರೀಕ್ಷೆಯಲ್ಲಿ ತರಬೇತಿ ಪಡೆಯುವುದು. ಒತ್ತುವ ಪರೀಕ್ಷೆಯನ್ನು ಕಲಿಯಲು ಪೂರ್ಣ ತಜ್ಞತ್ವ ಬೇಕಿಲ್ಲವೆಂಬುದು ತುರ್ತುಚಿಕಿತ್ಸೆಯ ವೈದ್ಯರು ಹಲವು ದೇಶಗಳಲ್ಲಿ ಅದನ್ನು ಮಾಡುತ್ತಿರುವುದರಿಂದಲೇ ತಿಳಿಯುತ್ತದೆ.

ಎಲ್ಲ ಊದಿದ ಕಾಲಿಗೂ ಈ ಪರೀಕ್ಷೆ ಬೇಕೆಂದು ಇದರ ಅರ್ಥವಲ್ಲ. ಕೆನಡಾದ ವೆಲ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಂಕಕ್ರಮವು, ಇತ್ತೀಚಿನ ಶಸ್ತ್ರಕ್ರಿಯೆ, ಹಾಸಿಗೆ ಹಿಡಿದಿರುವುದು, ಅರ್ಬುದರೋಗ, ಎರಡು ಮೀನಖಂಡಗಳ ಸುತ್ತಳತೆಯಲ್ಲಿ ಮೂರು ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಮೊದಲಾದುವನ್ನು ಎಣಿಸಿ ಅನುಮಾನದ ಪ್ರಮಾಣವನ್ನು ಹೇಳುತ್ತದೆ. ಅನುಮಾನ ಅಲ್ಪವಾಗಿದ್ದು ಡಿ-ಡೈಮರ್ ಎಂಬ ರಕ್ತಪರೀಕ್ಷೆಯೂ ತಟಸ್ಥವಾಗಿದ್ದರೆ ಹೆಪ್ಪಿಲ್ಲವೆಂದು ಬಿಡಬಹುದು. ಗರ್ಭಿಣಿ ಬಾಣಂತಿಯರಲ್ಲಿ ಆ ರಕ್ತಪರೀಕ್ಷೆ ರೋಗವಿಲ್ಲದೆಯೂ ಏರಿರುವುದರಿಂದ ಅದನ್ನು ನೆಚ್ಚುವಂತಿಲ್ಲ. ಅವರಿಗೆ ಸ್ಕ್ಯಾನಿಂಗೇ ಗತಿ. ಅಳತೆಪಟ್ಟಿಗೆ ಮಾತ್ರ ಯಾವ ನೋಂದಣಿಯೂ ಬೇಡ. ಮೊಣಕಾಲ ಗಂಟಿನಿಂದ ಹತ್ತು ಸೆಂಟಿಮೀಟರು ಕೆಳಗೆ ಎರಡು ಕಾಲುಗಳನ್ನೂ ಅಳೆದು ನೋಡುವುದನ್ನು ಆಶಾ ಕಾರ್ಯಕರ್ತೆಯೂ ಮಾಡಬಹುದು. ಅನುಮಾನ ಬಲವಾಗಿದ್ದು ಪರೀಕ್ಷೆ ತಡವಾಗುವಂತಿದ್ದರೆ, ರಕ್ತಸ್ರಾವದ ಭಯವಿಲ್ಲದವರಿಗೆ ಹೆಪಾರಿನ್ ವರ್ಗದ ಚುಚ್ಚುಮದ್ದನ್ನು ಮೊದಲೇ ಆರಂಭಿಸಿ ಅನಂತರ ಚಿತ್ರದುರ್ಗಕ್ಕೆ ಕಳುಹಿಸುವುದು ವೈದ್ಯರು ಅನುಸರಿಸುವ ಕ್ರಮ. ಇದರಿಂದ ಪ್ರಯಾಣದ ದಿನವಾದರೂ ರಕ್ಷಣೆಯಿಲ್ಲದೆ ಕಳೆಯುವುದು ತಪ್ಪುತ್ತದೆ. ಉಳಿಯುವುದು ಎರಡನೆಯ ಪ್ರಯಾಣ: ಮೊದಲ ಸಲ ‘ಏನೂ ಇಲ್ಲ’ ಎಂದು ಕೇಳಿ ಮರಳಿದ ಬಾಣಂತಿ, ಬಾವು ಇಳಿಯದಿದ್ದರೆ ವಾರದೊಳಗೆ ಮತ್ತೆ ಬರಬೇಕೆಂಬುದನ್ನು ಅವಳಿಗೂ ಅವಳ ತಾಯಿಗೂ ಆಸ್ಪತ್ರೆಯ ಬಾಗಿಲಲ್ಲಿಯೇ, ಕಾಗದದಲ್ಲಿ ಬರೆದು, ಓದಿ ಹೇಳಬೇಕಾಗುತ್ತದೆ.